ಕಲಬುರಗಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಎಷ್ಟು ತಾಸು?

ಮೊದಲ ದಿನ, ಸಂಜೆ

ಕಲಬುರಗಿಯವರು ಅಮೆರಿಕದ ವಿಮಾನ ಹತ್ತಬೇಕೆಂದರೆ ಮೊದಲು ಕಲಬುರಗಿಯ ವಿಮಾನ ನಿಲ್ದಾಣವನ್ನು ದಾಟಿ ಹೋಗಬೇಕು. ಸೇಡಂ ರಸ್ತೆಯಲ್ಲಿ ಊರು ಬಿಟ್ಟ ಸ್ವಲ್ಪ ಹೊತ್ತಿಗೆ ಶ್ರೀನಿವಾಸ ಸರಡಗಿ ಬರುತ್ತದೆ. ಅಲ್ಲೇ ನಮ್ಮ ನಿಲ್ದಾಣ. 2019ರ ನವೆಂಬರ್ 22ರಂದು ಉದ್ಘಾಟನೆ ಆದದ್ದು. ಮೂರು ಕಿಲೋಮೀಟರಿಗೂ ಉದ್ದದ ರನ್‌ವೇ ಇದೆ. ಬೆಂಗಳೂರು, ತಿರುಪತಿ, ದಿಲ್ಲಿ ಪಕ್ಕದ ಹಿಂಡನ್ ಎಂದು ಒಂದೊಂದು ಕಾಲಕ್ಕೆ ಒಂದೊಂದು ಕಡೆ ಇಲ್ಲಿಂದ ಹಾರಿದ್ದೂ ಆಗಿದೆ. ನಾವು ಮಾತ್ರ ಅದರ ಬೋರ್ಡನ್ನು ಕಾರಿನ ಕಿಟಕಿಯಿಂದ ನೋಡುತ್ತ ಹೈದರಾಬಾದಿನ ಶಂಷಾಬಾದಿಗೆ ಹೊರಟಿದ್ದೆವು.

‘ಇಲ್ಲೇ ಹತ್ತಿದ್ರ ಆಗ್ತಿತ್ತಲ್ರೀ’ ಎಂದಳು ನನ್ನಾಕೆ.

‘ಇಲ್ಲೇ ಹತ್ತಿದ್ರ ಬೆಂಗಳೂರಿಗಿ ಹೋಗ್ತಿದ್ದಿ.’

ಮಗ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ದಂಡೆಯ ಫ್ರೀಮಾಂಟ್‌ನಲ್ಲಿದ್ದಾನೆ. ಟಿಕೆಟ್ ಕಳಿಸಿದ ದಿನದಿಂದ ಓಣಿಯವರದೆಲ್ಲ ಒಂದೇ ಪ್ರಶ್ನೆ: ‘ಎಷ್ಟ್ ತಾಸ್ ಆಗ್ತದ್ರಿ?’ ನಾನು ರೈಲ್ವೆಯಲ್ಲಿ ಗಾರ್ಡ್ ಆಗಿದ್ದವನು. ಈಗ ಆ ಹುದ್ದೆಗೆ ಟ್ರೇನ್ ಮ್ಯಾನೇಜರ್ ಅಂತಾರೆ, ನನ್ನ ಕಾಲಕ್ಕೆ ಗಾರ್ಡೇ. ಹೊತ್ತಿನ ಪ್ರಶ್ನೆ ಕೇಳಿದರೆ ಬಾಯಿಗೆ ಬಂದ ಉತ್ತರ ಕೊಡಲು ನಮ್ಮಂಥವರಿಗೆ ಆಗುವುದಿಲ್ಲ. ಮನೆ ಎದುರಿನ ಮೇಷ್ಟ್ರು ಫೋನ್ ತೆಗೆದು ಎರಡು ಊರಿನ ನಡುವಿನ ನೇರ ದೂರ ಹುಡುಕಿದರು. ಸುಮಾರು 13,580 ಕಿಲೋಮೀಟರ್ ಎಂದು ಬಂತು. ‘ವಿಮಾನ ತಾಸಿಗಿ ಒಂಬೈನೂರು ಕಿಲೋಮೀಟರ್ ಹೋಗ್ತದ. ಹದಿನೈದು ತಾಸು. ಮುಂಜಾನಿ ನಾಷ್ಟಾ ಇಲ್ಲಿ, ರಾತ್ರಿ ಊಟ ಅಲ್ಲಿ’ ಎಂದು ಲೆಕ್ಕ ಮುಗಿಸಿಬಿಟ್ಟರು. ಭಾಗಾಕಾರ ಸರಿ ಇತ್ತು. ಆದರೆ ಆ ನೇರ ಗೆರೆಯ ಮೇಲೆ ಯಾವ ವಿಮಾನವೂ ಓಡುವುದಿಲ್ಲ. ನಿಲುಗಡೆ, ಕಾಯುವಿಕೆ, ಗಾಡಿ ಬದಲಿಸುವುದು ಯಾವುದೂ ಆ ಲೆಕ್ಕದಲ್ಲಿ ಇರಲಿಲ್ಲ. ಅದಕ್ಕೇ ಈ ಸಲ ಮನೆ ಬಾಗಿಲಿನಿಂದಲೇ ಹೊತ್ತು ಬರೆದುಕೊಳ್ಳಬೇಕೆಂದು ಒಂದು ಚಿಕ್ಕ ನೋಟ್‌ಬುಕ್ ಕಿಸೆಯಲ್ಲಿ ಇಟ್ಟುಕೊಂಡೆ. ಮೊದಲ ಸಾಲು: ಮನೆ ಬಿಟ್ಟದ್ದು ಸಂಜೆ 6.00.

ಬೆಂಗಳೂರಿನಿಂದ ನೇರ ಹೋಗಬಹುದಿತ್ತಲ್ಲ ಎಂದವರೂ ಇದ್ದರು. 2021ರ ಜನವರಿಯಲ್ಲಿ ಏರ್ ಇಂಡಿಯಾ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ನಡುವೆ ಎಲ್ಲೂ ನಿಲ್ಲದ ವಿಮಾನ ಶುರು ಮಾಡಿದಾಗ ಪತ್ರಿಕೆಯಲ್ಲಿ ಓದಿದ್ದು ನನಗೂ ನೆನಪಿತ್ತು. ಮೊದಲ ವಿಮಾನವನ್ನು ಸ್ಯಾನ್ ಫ್ರಾನ್ಸಿಸ್ಕೊದಿಂದ ತಂದವರು ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಜೊತೆಯ ಮಹಿಳಾ ಪೈಲಟ್‌ಗಳು. ಉತ್ತರ ಧ್ರುವದ ಮೇಲಿನಿಂದ, ಹದಿನೇಳು ತಾಸಿನ ಆಸುಪಾಸಿನಲ್ಲಿ ಬಂದಿಳಿದಿದ್ದರು. ಆ ಎರಡು ನಿಲ್ದಾಣಗಳ ನಡುವಿನ ನೇರ ದೂರ 13,993 ಕಿಲೋಮೀಟರ್. ಕಲಬುರಗಿಯವರಿಗೆ ಇದರಲ್ಲಿ ಒಂದು ತೊಡಕಿದೆ. ಅಮೆರಿಕದ ದಾರಿ ನಮಗೆ ಉತ್ತರಕ್ಕೆ, ಬೆಂಗಳೂರು ದಕ್ಷಿಣಕ್ಕೆ. ಒಂದು ರಾತ್ರಿಯಿಡೀ ರೈಲಿನಲ್ಲಿ ತದ್ವಿರುದ್ಧ ಹೋಗಿ, ಅಷ್ಟೂ ದೂರವನ್ನು ಮತ್ತೆ ಆಕಾಶದಲ್ಲಿ ವಾಪಸ್ ಬರಬೇಕು. ಹೈದರಾಬಾದಾದರೆ ಐದು ತಾಸಿನ ರಸ್ತೆ.

ಮಳಖೇಡದ ಕಾಗಿಣಾ ಸೇತುವೆ ದಾಟುವಾಗ ಆಕೆ ಜಯತೀರ್ಥರ ಬೃಂದಾವನದ ದಿಕ್ಕಿಗೆ ಕೈ ಮುಗಿದಳು. ರಾಷ್ಟ್ರಕೂಟರು ಕಾವೇರಿಯಿಂದ ನರ್ಮದೆಯ ಆಚೆಗೂ ಕೈ ಚಾಚಿದ್ದು ಈ ಊರಲ್ಲಿ ಕೂತು. ಇವತ್ತಿನ ಮಳಖೇಡ ನೋಡಿದವರು ಅದನ್ನು ನಂಬಲಿಕ್ಕಿಲ್ಲ. ನದಿಯಲ್ಲಿ ನೀರು ಕಾಲಿನ ಮಣಿಕಟ್ಟು ಮುಳುಗುವಷ್ಟೂ ಇರಲಿಲ್ಲ. ಜೂನ್, ಮಳೆ ಇನ್ನೂ ಹಿಡಿದಿರಲಿಲ್ಲ. ತೊಗರಿ ಬಿತ್ತಲು ಹೊಲ ಹರಗಿ ಬಿಟ್ಟಿದ್ದರು. ಸೇಡಂನ ಸಿಮೆಂಟ್ ಫ್ಯಾಕ್ಟರಿ, ಆಮೇಲೆ ತೆಲಂಗಾಣದ ಗಡಿ, ಪರಿಗಿ, ಚೇವೆಳ್ಳ, ಹೊರ ವರ್ತುಲ ರಸ್ತೆ. ನಿಲ್ದಾಣದ ಬಾಗಿಲಿಗೆ ಬಂದಾಗ ರಾತ್ರಿ 11.20. ನಡುವೆ ಚಹಾಕ್ಕೆ ನಿಂತದ್ದೂ ಸೇರಿದೆ.

ಎರಡನೆಯ ದಿನ, ನಸುಕು

ವಿಮಾನ ನಸುಕಿನ ನಾಲ್ಕೂ ಇಪ್ಪತ್ತಕ್ಕೆ. ಮೂರು ತಾಸು ಮುಂಚೆ ಬನ್ನಿ ಅಂತಾರೆ. ನಮ್ಮವರು ಅದಕ್ಕೆ ಇನ್ನೆರಡು ತಾಸು ಸೇರಿಸಿಕೊಂಡು ಬರುತ್ತಾರೆ. ಹೀಗೆ ಯಾರೂ ಕೇಳದ ಐದು ತಾಸು ಶಂಷಾಬಾದಿನಲ್ಲಿ ಕಳೆದವು. ನಾಲ್ಕು ಪೆಟ್ಟಿಗೆ, ಒಂದೊಂದಕ್ಕೆ 23 ಕೆ.ಜಿ. ಮಿತಿ. ಒಳಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಕಲಬುರಗಿ ತೊಗರಿಬೇಳೆ. ಜಿಐ (ಭೌಗೋಳಿಕ ಸೂಚಕ) ಗುರುತು ಸಿಕ್ಕ ಬೇಳೆಯನ್ನು ಅಮೆರಿಕದ ಅಂಗಡಿಯಲ್ಲಿ ಸಿಗುವ ಬೇಳೆಯ ಜೊತೆ ಹೋಲಿಸಿ ನೋಡುವುದು ಆಕೆಯ ಪ್ರವಾಸದ ಮುಖ್ಯ ಉದ್ದೇಶವಾಗಿತ್ತು.

ಹೈದರಾಬಾದಿನಿಂದ ದುಬೈಗೆ ಎರಡೂವರೆ ಸಾವಿರ ಕಿಲೋಮೀಟರ್ ಚಿಲ್ಲರೆ. ಟಿಕೆಟ್ಟಿನಲ್ಲಿ ಬರೆದದ್ದು ಮೂರು ತಾಸು ಐವತ್ತು ನಿಮಿಷ. ಇದನ್ನು ಹಾರುವ ಹೊತ್ತು ಎಂದು ತಿಳಿಯುವವರೇ ಹೆಚ್ಚು. ವಿಮಾನ ನಿಂತ ಜಾಗದಿಂದ ಅಲುಗಿದ ಗಳಿಗೆಯಿಂದ ಆಚೆ ಊರಲ್ಲಿ ಹೋಗಿ ನಿಲ್ಲುವ ಗಳಿಗೆಯವರೆಗಿನ ಹೊತ್ತು ಅದು. ವಿಮಾನದವರು ಅದಕ್ಕೆ ಬ್ಲಾಕ್ ಟೈಮ್ ಅಂತಾರೆ. ರನ್‌ವೇಗೆ ತೆವಳುತ್ತ ಹೋಗುವುದು, ಸಾಲಿನಲ್ಲಿ ನಿಲ್ಲುವುದು, ಇಳಿದ ಮೇಲೆ ಮತ್ತೆ ತೆವಳುವುದು, ಎಲ್ಲ ಅದರ ಹೊಟ್ಟೆಯಲ್ಲೇ. ತಡವಾದರೂ ಮುಖ ಉಳಿಯಲಿ ಎಂದು ಒಂದಿಷ್ಟು ಹೆಚ್ಚುವರಿ ನಿಮಿಷವನ್ನೂ ಸೇರಿಸಿಡುತ್ತಾರೆ. ಇದನ್ನು ಕಂಡು ನನಗೆ ನಗು ಬಂತು. ನಮ್ಮ ರೈಲ್ವೆ ಟೈಮ್ ಟೇಬಲ್ಲಿನಲ್ಲೂ ಗಾಡಿ ಮುಗಿಯುವ ಊರಿನ ಹಿಂದಿನ ಸೆಕ್ಷನ್ನಿಗೆ ಧಾರಾಳವಾಗಿ ನಿಮಿಷ ಕೊಟ್ಟಿರುತ್ತಾರೆ. ಅರ್ಧ ತಾಸು ಲೇಟಾಗಿ ಓಡುತ್ತಿದ್ದ ಗಾಡಿ ಕೊನೆಗೆ ರೈಟ್ ಟೈಮಿಗೆ ಬಂದು ನಿಂತಿತೆಂದು ಪ್ರಯಾಣಿಕರು ಡ್ರೈವರನನ್ನು ಹೊಗಳುವುದು ಈ ಕಾರಣಕ್ಕೆ.

ಎದುರಿನ ಪರದೆಯಲ್ಲಿ ವಿಮಾನದ ವೇಗ, ಎತ್ತರ, ಹೊರಗಿನ ಚಳಿ, ಗಾಳಿಯ ಬಲ ಎಲ್ಲ ಬರುತ್ತದೆ. ಮೊದಮೊದಲು ಗಾಳಿ ಹಿಂದಿನಿಂದ ತಳ್ಳುತ್ತಿದೆ ಎಂದು ತೋರಿಸಿತು. ಪಶ್ಚಿಮಕ್ಕೆ ಹೋಗುವ ವಿಮಾನಕ್ಕೆ ಎದುರುಗಾಳಿ ಎಂದು ಎಲ್ಲ ಕಡೆ ಓದಿದ್ದೆನಲ್ಲ! ಆದರೆ ಮಳೆಗಾಲದಲ್ಲಿ ನಮ್ಮ ದಖ್ಖನ್ನಿನ ಮೇಲೆ, ತೀರ ಎತ್ತರದಲ್ಲಿ, ಗಾಳಿ ಪೂರ್ವದಿಂದ ಪಶ್ಚಿಮಕ್ಕೇ ಬೀಸುತ್ತದೆ. ನೆಲದ ಮೇಲೆ ಅರಬ್ಬಿ ಸಮುದ್ರದಿಂದ ಮಳೆ ಹೊತ್ತು ಬರುವ ಗಾಳಿ ಒಂದು ದಿಕ್ಕು, ಅದರ ನೆತ್ತಿಯ ಮೇಲಿನದು ಇನ್ನೊಂದು ದಿಕ್ಕು. ಅದನ್ನು ಗುರುತಿಸಿದವರು ನಮ್ಮದೇ ಹವಾಮಾನ ಇಲಾಖೆಯ ಪಿ. ಕೋಟೇಶ್ವರಂ, 1950ರ ದಶಕದಲ್ಲಿ.

ಸಮುದ್ರದ ಮೇಲಿದ್ದಾಗ ಹಿಂದುಗಡೆ ಸೂರ್ಯ ಹುಟ್ಟಿತು. ಆ ಸೂರ್ಯ ಮುಂದೆ ಏನೇನು ಮಾಡಲಿದೆ ಎಂದು ಆಗ ಗೊತ್ತಿರಲಿಲ್ಲ.

ಎರಡನೆಯ ದಿನ, ದುಬೈ

ಇಳಿದಾಗ ಅಲ್ಲಿಯ ಗಡಿಯಾರದಲ್ಲಿ ಬೆಳಿಗ್ಗೆ 6.40. ನಮ್ಮ ದೇಶಕ್ಕಿಂತ ಒಂದೂವರೆ ತಾಸು ಹಿಂದೆ. ಎರಡು ತಾಸಿನ ಬಿಡುವು. ಅದರಲ್ಲಿ ಮುಕ್ಕಾಲು ಪಾಲು ನಡೆಯುವುದು, ತಪಾಸಣೆ, ಮತ್ತೆ ನಡೆಯುವುದು. ಗೇಟಿನಲ್ಲಿ ಕೂತಾಗ ಪಕ್ಕದ ಸೀಟಿನಿಂದ ನಮ್ಮ ಕಡೆಯ ಮಾತು ಕೇಳಿಸಿತು. ಕಲಬುರಗಿಯ ರೋಜಾ ಬಡಾವಣೆ ಕಡೆಯ ಚಾಚಾ ಒಬ್ಬರು, ಮಗಳ ಮನೆಗೆ ಹೊರಟವರು. ಐದು ನಿಮಿಷದಲ್ಲಿ ನನ್ನ ಹುದ್ದೆ, ಅವರ ಬಟ್ಟೆ ಅಂಗಡಿ, ಇಬ್ಬರ ಸಕ್ಕರೆ ಕಾಯಿಲೆ ಎಲ್ಲ ವಿನಿಮಯ ಆಯಿತು.

‘ಗಾರ್ಡ್ ಸಾಬ್, ಇದು ಹೋಗೋದು ಯಾವ ಕಡಿಂದ್ರಿ? ಲಂಡನ್ ಮ್ಯಾಲಿಂದಾ, ಜಪಾನ್ ಮ್ಯಾಲಿಂದಾ?’

‘ಎರಡೂ ಅಲ್ಲ ಚಾಚಾ. ನೆತ್ತಿ ಮ್ಯಾಲಿಂದ.’

ನಾನು ಇದನ್ನು ಮನೆಯಲ್ಲೇ ಗುಣಿಸಿ ನೋಡಿಕೊಂಡು ಬಂದಿದ್ದೆ. ಗೋಡೆಗೆ ತೂಗುಹಾಕುವ ನಕಾಶೆಯಲ್ಲಿ ದುಬೈನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಗೆರೆ ಎಳೆದರೆ ಅದು ಉತ್ತರ ಆಫ್ರಿಕಾ, ಅಟ್ಲಾಂಟಿಕ್ ದಾಟಿ ಹೋಗುತ್ತದೆ. ಗುಂಡಗಿನ ಭೂಮಿಯ ಮೇಲೆ ಲೆಕ್ಕ ಬೇರೆ. ದುಬೈ ಇರುವುದು ಪೂರ್ವ ರೇಖಾಂಶ 55ರ ಹತ್ತಿರ, ಸ್ಯಾನ್ ಫ್ರಾನ್ಸಿಸ್ಕೊ ಪಶ್ಚಿಮ 122ರ ಹತ್ತಿರ. ಕೂಡಿಸಿದರೆ 177 ದಾಟುತ್ತದೆ. ಸರಿಯಾಗಿ 180 ಆಗಿದ್ದರೆ ಎರಡೂ ಊರು ಧ್ರುವದ ಈಚೆಗೊಂದು ಆಚೆಗೊಂದು, ಒಂದೇ ಗೆರೆಯಲ್ಲಿ ಕೂತಿರುತ್ತಿದ್ದವು. ಎರಡು ಮೂರು ಡಿಗ್ರಿ ಮಾತ್ರ ಕಡಿಮೆ ಬಿದ್ದಿದೆ. ಹಾಗಾಗಿ ಅತಿ ಹತ್ತಿರದ ದಾರಿ ಉತ್ತರ ಧ್ರುವವನ್ನು ಸವರಿಕೊಂಡೇ ಹೋಗುತ್ತದೆ.

ಇದರಿಂದ ಇನ್ನೊಂದು ಅನುಕೂಲವಿದೆ. ದೂರವನ್ನು ಬೋರ್ಡಿಂಗ್ ಪಾಸಿನ ಹಿಂದೆಯೇ ಲೆಕ್ಕ ಹಾಕಬಹುದು. ದುಬೈ ಅಕ್ಷಾಂಶ ಇಪ್ಪತ್ತೈದೂಕಾಲು, ಅಲ್ಲಿಂದ ಧ್ರುವಕ್ಕೆ ಅರವತ್ತೈದು ಡಿಗ್ರಿಗೆ ಕಾಲು ಕಡಿಮೆ. ಆಚೆಯ ಊರಿನ ಅಕ್ಷಾಂಶ ಮೂವತ್ತೇಳೂವರೆ ಚಿಲ್ಲರೆ, ಧ್ರುವದಿಂದ ಅಲ್ಲಿಗೆ ಐವತ್ತೆರಡೂವರೆಗೆ ಸ್ವಲ್ಪ ಕಡಿಮೆ. ಒಟ್ಟು 117. ಒಂದು ಡಿಗ್ರಿಗೆ 111 ಕಿಲೋಮೀಟರ್. ಗುಣಿಸಿದರೆ ಹದಿಮೂರು ಸಾವಿರದ ಆಸುಪಾಸು. ಅಚ್ಚಾದ ಅಂಕಿ 13,040. ಚಾಚಾ ಆ ಕಾಗದವನ್ನು ಕೇಳಿ ಇಸಿದುಕೊಂಡು ಕಿಸೆಗೆ ಹಾಕಿಕೊಂಡರು, ಅಳಿಯನಿಗೆ ತೋರಿಸಲು.

ಆದರೆ ಹತ್ತಿರದ ದಾರಿಯೇ ಬೇಗದ ದಾರಿ ಎಂದು ಹೇಳಲು ಬರುವುದಿಲ್ಲ. 2016ರ ಅಕ್ಟೋಬರಿನಲ್ಲಿ ಏರ್ ಇಂಡಿಯಾದವರು ದಿಲ್ಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನು ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಮೇಲಿನಿಂದ ಒಯ್ದರು. ದಾರಿ 13,900 ಇದ್ದದ್ದು 15,300 ಕಿಲೋಮೀಟರ್ ಆಯಿತು. ಮುಟ್ಟಿದ್ದು ಮಾತ್ರ ಹದಿನಾಲ್ಕೂವರೆ ತಾಸಿಗೆ, ಮುಂಚಿಗಿಂತ ಹೆಚ್ಚು ಕಡಿಮೆ ಎರಡು ತಾಸು ಬೇಗ. ಕಾರಣ ಗಾಳಿ. ಪೂರ್ವಕ್ಕೆ ಹೋಗುವ ವಿಮಾನವನ್ನು ಅಲ್ಲಿಯ ಮೇಲ್ಗಾಳಿ ತಾಸಿಗೆ ನೂರು ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ತಳ್ಳುತ್ತದೆ. ವಿಮಾನದ ವೇಗ ಎಂದು ನಾವು ಹೇಳುವ ಅಂಕಿ ಅದು ಸೀಳಿಕೊಂಡು ಹೋಗುವ ಗಾಳಿಗೆ ಸಂಬಂಧಪಟ್ಟದ್ದು. ಆ ಗಾಳಿಯೇ ಓಡುತ್ತಿದ್ದರೆ ನೆಲದ ಲೆಕ್ಕ ಪೂರ್ತಿ ಬದಲಾಗುತ್ತದೆ. ರೈಲಿನಲ್ಲಿ ಈ ಪಂಚಾಯತಿ ಇಲ್ಲ, ಹಳಿ ಇದ್ದಲ್ಲೇ ಇರುತ್ತದೆ.

ಗಾಳಿಗಿಂತ ದೊಡ್ಡ ಅಡ್ಡಿ ಗಡಿ. ಪಾಕಿಸ್ತಾನ 2019ರ ಫೆಬ್ರವರಿಯಿಂದ ಜುಲೈವರೆಗೆ ತನ್ನ ಆಕಾಶ ಮುಚ್ಚಿತ್ತು. 2025ರ ಏಪ್ರಿಲ್‌ನಲ್ಲಿ ನಮ್ಮ ದೇಶದ ವಿಮಾನಗಳಿಗೆ ಮತ್ತೆ ಮುಚ್ಚಿತು. 2022ರ ಯುದ್ಧದ ನಂತರ ಯುರೋಪ್, ಅಮೆರಿಕದ ಕಂಪನಿಗಳಿಗೆ ರಷ್ಯಾದ ಆಕಾಶ ಇಲ್ಲ. ಅಂಥ ದಿನಗಳಲ್ಲಿ ಎರಡು ನಿಲ್ದಾಣಗಳ ನಡುವಿನ ದೂರ ಹಾಳೆಯ ಮೇಲೆ ಅಷ್ಟೇ ಇರುತ್ತದೆ, ಹಾರಬೇಕಾದ ದೂರ ಬೇರೆಯೇ ಆಗುತ್ತದೆ. ದುಬೈನ ವಿಮಾನಕ್ಕೆ ಈ ತೊಂದರೆ ಇರಲಿಲ್ಲ.

ಎರಡನೆಯ ದಿನ, ಇನ್ನೂ ಮುಗಿದಿಲ್ಲ

ಎರಡು ಅಂತಸ್ತಿನ ಎ380. ಭರ್ತಿ ತುಂಬಿದರೆ 575 ಟನ್ನಿನವರೆಗೆ ತೂಗುವ ಯಂತ್ರ. ಬಾಲದ ತುದಿಯಲ್ಲಿ ಒಂದು ಕ್ಯಾಮೆರಾ ಇದೆ, ಅದರ ಚಿತ್ರವನ್ನು ಸೀಟಿನ ಪರದೆಯಲ್ಲಿ ನೋಡಬಹುದು. ಇಡೀ ವಿಮಾನವನ್ನು ಹಿಂದಿನಿಂದ ನೋಡುತ್ತ ಕೂರುವುದು! ನೌಕರಿ ಪೂರ್ತಿ ಗಾಡಿಯ ಕೊನೆಯ ಡಬ್ಬಿಯಲ್ಲಿ ಕಳೆದವನಿಗೆ ಇದಕ್ಕಿಂತ ಇನ್ನೇನು ಬೇಕು. ಸಿನಿಮಾ ಗಿನಿಮಾ ಬಿಟ್ಟು ಅದನ್ನೇ ನೋಡಿದೆ. ಹಸಿರು ಬಾವುಟ ಒಂದು ಕೈಯಲ್ಲಿರಲಿಲ್ಲ, ಅಷ್ಟೇ.

8.45ಕ್ಕೆ ಅಲುಗಿತು. ಇರಾನಿನ ಬೋಳು ಬೆಟ್ಟ, ಕ್ಯಾಸ್ಪಿಯನ್ ಸಮುದ್ರ, ಆಮೇಲೆ ರಷ್ಯಾ. ಊಟ ಆದ ಮೇಲೆ ಕಿಟಕಿ ಮುಚ್ಚಿಸಿ ದೀಪ ಆರಿಸಿ ರಾತ್ರಿ ಮಾಡಿಬಿಟ್ಟರು. ಆಕೆ ಮಲಗಿದಳು. ನಾನು ಆಗಾಗ ಕಿಟಕಿಯ ಮುಚ್ಚಳವನ್ನು ಎರಡು ಬೆರಳು ಎತ್ತಿ ನೋಡುತ್ತಿದ್ದೆ. ಹೊರಗೆ ಕಣ್ಣು ಕುಕ್ಕುವ ಬಿಸಿಲು.

ಎಂಟು ತಾಸು ಕಳೆದು ದುಬೈ ಗಡಿಯಾರದಲ್ಲಿ ಸಂಜೆ ಐದರ ಹೊತ್ತಿಗೆ ಧ್ರುವದ ಸನಿಹ ಬಂದೆವು. ಕೆಳಗೆ ಬಿಳಿ, ಅಲ್ಲಲ್ಲಿ ಕಪ್ಪು ಬಿರುಕು. ಜೂನ್ ಕೊನೆಯಲ್ಲಿ ಧ್ರುವದಲ್ಲಿ ಸೂರ್ಯ ಹುಟ್ಟುವುದೂ ಇಲ್ಲ, ಮುಳುಗುವುದೂ ಇಲ್ಲ. ಅಂಚಿನಿಂದ ಇಪ್ಪತ್ತಮೂರು ಡಿಗ್ರಿ ಎತ್ತರದಲ್ಲಿ ಸುತ್ತು ಹಾಕುತ್ತಿರುತ್ತದೆ. ಎಲ್ಲ ರೇಖಾಂಶಗಳೂ ಅಲ್ಲಿ ಒಂದೇ ಕಡೆ ಸೇರುವುದರಿಂದ ‘ಈಗ ಎಷ್ಟು ಗಂಟೆ’ ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ಇಲ್ಲ. ಒಂದು ಡಿಗ್ರಿ ರೇಖಾಂಶಕ್ಕೆ ನಾಲ್ಕು ನಿಮಿಷ ಎಂದು ಶಾಲೆಯಲ್ಲಿ ಕಲಿತದ್ದು. ಅಲ್ಲಿ ನಾಲ್ಕು ಹೆಜ್ಜೆ ಹಾಕಿದರೆ ಬೇಕಾದಷ್ಟು ಡಿಗ್ರಿ ದಾಟಬಹುದು.

ಚಾಚಾ ಹಿಂದಿನ ಸಾಲಿನಿಂದ ಎದ್ದು ಬಂದರು. ‘ಸಾಬ್, ಮಗ್ರಿಬ್ ಯಾವಾಗ್ರಿ? ಸೂರ್ಯ ಮುಳಗಲಾಕ ತಯಾರೇ ಇಲ್ಲ.’ ನನ್ನ ಹತ್ತಿರ ಅದಕ್ಕೆ ಟೈಮ್ ಟೇಬಲ್ ಇರಲಿಲ್ಲ. ಅವರೇ ಯೋಚಿಸಿ, ಹೊರಟ ಊರಿನ ಗಡಿಯಾರ ಹಿಡಿಯುವುದೆಂದು ತೀರ್ಮಾನಿಸಿದರು. ದುಬೈನಲ್ಲಿ ಹೊತ್ತು ಮುಳುಗುವ ವೇಳೆಗೆ ನಾವು ಕೆನಡಾದ ಉತ್ತರದ ದ್ವೀಪಗಳ ಮೇಲಿದ್ದೆವು. ಪರದೆಯಲ್ಲಿ ಮಕ್ಕಾದ ದಿಕ್ಕು ನೋಡಿಕೊಂಡು, ಬಿಸಿಲು ತುಂಬಿದ ಕಿಟಕಿಯ ಪಕ್ಕ ಕೂತಲ್ಲೇ ಸಂಜೆಯ ನಮಾಜು ಮುಗಿಸಿದರು.

ಹೊರಗಿನ ಚಳಿ ಸೊನ್ನೆಗಿಂತ ಐವತ್ತಕ್ಕೂ ಕೆಳಗೆ ತೋರಿಸುತ್ತಿತ್ತು. ವಿಮಾನದ ಇಂಧನ ಸೊನ್ನೆಗಿಂತ 47 ಡಿಗ್ರಿ ಕೆಳಗೆ ಹೋದರೆ ಹೆಪ್ಪುಗಟ್ಟತೊಡಗುತ್ತದೆ. ಹಾರುವಾಗ ರೆಕ್ಕೆಗೆ ಉಜ್ಜುವ ಗಾಳಿಯ ಕಾವಿನಿಂದ ಅದು ಅಷ್ಟು ಬೇಗ ತಣಿಯುವುದಿಲ್ಲ. ಆದರೂ ಧ್ರುವದ ದಾರಿಯಲ್ಲಿ ಪೈಲಟ್‌ಗಳು ಇಂಧನದ ಉಷ್ಣತೆ ನೋಡುತ್ತಲೇ ಇರುತ್ತಾರಂತೆ. ತೀರ ತಣ್ಣಗಾದರೆ ಕೆಳಗಿಳಿಯುವುದು, ಇಲ್ಲವೇ ವೇಗ ಹೆಚ್ಚಿಸುವುದು. ಇದನ್ನು ಆಕೆಗೆ ಹೇಳಬಾರದಿತ್ತು. ಮುಂದಿನ ಎರಡು ತಾಸು ಆಕೆ ನಿದ್ದೆ ಮಾಡಲಿಲ್ಲ.

ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಗೇಟಿಗೆ ಬಂದು ನಿಂತಾಗ ಅಲ್ಲಿಯ ಮಧ್ಯಾಹ್ನ 1.30. ಹದಿನೈದು ತಾಸು ನಲವತ್ತೈದು ನಿಮಿಷ. ದುಬೈ ಬಿಟ್ಟ ಅದೇ ತಾರೀಖು! ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹನ್ನೆರಡೂವರೆ ತಾಸು ಹಿಂದಿರುತ್ತದೆ. ಕೈಗಡಿಯಾರವನ್ನು ನಾನು ದುಬೈನಲ್ಲಿ ಮುಟ್ಟಿರಲಿಲ್ಲ. ಅದರಲ್ಲಿ ಎರಡು ಗಂಟೆ, ಊರಲ್ಲಿ ನಡುರಾತ್ರಿಯ ಎರಡು. ಮುಳ್ಳನ್ನು ಅರ್ಧ ತಾಸು ಹಿಂದೆ ಸರಿಸಿದೆ, ಅಷ್ಟರಲ್ಲೇ ಸರಿಹೋಯಿತು. ಭೂಗೋಳದ ಆ ಮಗ್ಗುಲಿಗೆ ಬಂದು ಮುಳ್ಳು ಸರಿಸಿದ್ದು ಅಷ್ಟೇ.

ಪಾಸ್‌ಪೋರ್ಟಿನ ಸಾಲು, ಬೆರಳಚ್ಚು, ಪೆಟ್ಟಿಗೆ. ತಿನ್ನುವ ಪದಾರ್ಥ ಏನೇನಿದೆ ಎಂದು ಅಧಿಕಾರಿ ಕೇಳಿದ. ಆಕೆ ಒಂದೂ ಬಿಡದೆ ಕನ್ನಡದಲ್ಲಿ ಹೇಳಿದಳು, ನಾನು ಇಂಗ್ಲಿಷಿಗೆ ತರುವಷ್ಟರಲ್ಲಿ ಅವನೇ ಸಾಕೆಂದು ಕೈ ಬೀಸಿದ. ಮಗನ ಕಾರಿನಲ್ಲಿ ಕೊಲ್ಲಿಯ ಮೇಲಿನ ಹನ್ನೊಂದು ಕಿಲೋಮೀಟರಿನ ಸ್ಯಾನ್ ಮಟೇಯೊ ಸೇತುವೆ ದಾಟಿ ಫ್ರೀಮಾಂಟ್ ಮುಟ್ಟಿದಾಗ ಸಂಜೆ ನಾಲ್ಕೂವರೆ. ನೋಟ್‌ಬುಕ್ ತೆಗೆದೆ. ಕಲಬುರಗಿಯ ಬಾಗಿಲಿನಿಂದ ಫ್ರೀಮಾಂಟಿನ ಬಾಗಿಲಿಗೆ 35 ತಾಸು. ಅದರಲ್ಲಿ ವಿಮಾನದೊಳಗೆ ಹತ್ತೊಂಬತ್ತೂವರೆ. ಉಳಿದ ಹದಿನೈದೂವರೆ ನೆಲದ್ದು. ದೂರ ರಸ್ತೆಯೂ ಸೇರಿ ಹದಿನಾರು ಸಾವಿರಕ್ಕೆ ಸ್ವಲ್ಪ ಕಡಿಮೆ. ಸರಾಸರಿ ತಾಸಿಗೆ 450 ಕಿಲೋಮೀಟರ್, ವಿಮಾನದ ವೇಗದ ಅರ್ಧ. ಮೇಷ್ಟ್ರಿಗೆ ಫೋನ್ ಮಾಡಿ ಹೇಳೋಣವೆಂದರೆ ಊರಲ್ಲಿ ನಸುಕಿನ ಐದು ಗಂಟೆ.

ಸೂರ್ಯ ಮುಳುಗಿದ್ದು ರಾತ್ರಿ ಎಂಟೂವರೆಗೆ. ಅರಬ್ಬಿ ಸಮುದ್ರದ ಮೇಲೆ ಹುಟ್ಟಿದ್ದು ಇದೇ ಸೂರ್ಯ. ಇಪ್ಪತ್ತಾರು ತಾಸು ಮೀರಿದ ಹಗಲು.

ಮೂರನೆಯ ದಿನ ಮತ್ತು ಅದರ ಹಿಂದೆ ಮುಂದೆ

ನಡುರಾತ್ರಿ ಎದ್ದು ಕೂತು ಇಬ್ಬರೂ ಖಡಕ್ ರೊಟ್ಟಿ, ಹಿಂಡಿ ತಿಂದೆವು. ಮಧ್ಯಾಹ್ನ ಮೂರಕ್ಕೆ ಕೂತಲ್ಲೇ ನಿದ್ದೆ. ದೇಹದ ಗಡಿಯಾರ ದಿನಕ್ಕೆ ಸುಮಾರು ಒಂದು ತಾಸಿನಂತೆ ಮಾತ್ರ ಸರಿಯುತ್ತದೆ ಎನ್ನುತ್ತಾರೆ. ಆ ಲೆಕ್ಕಕ್ಕೆ ಪ್ರಯಾಣ ಇನ್ನೂ ಮುಗಿದಿರಲಿಲ್ಲ. ಈ ದಿನಗಳ ಬಗ್ಗೆ ಬರೆಯಲು ಹೆಚ್ಚೇನೂ ಇಲ್ಲ. ಗೋಲ್ಡನ್ ಗೇಟ್ ಸೇತುವೆ ಮಂಜಿನಲ್ಲಿ ಅರ್ಧ ಕಂಡಿತು. ಲಿವರ್‌ಮೋರಿನ ಶಿವ-ವಿಷ್ಣು ದೇವಸ್ಥಾನದಲ್ಲಿ ಪ್ರಸಾದ ಚೆನ್ನಾಗಿತ್ತು.

ಒಂದು ಶನಿವಾರ

ಸ್ಯಾಕ್ರಮೆಂಟೊದ ರೈಲ್ವೆ ಮ್ಯೂಸಿಯಮ್ಮಿಗೆ ಮಗ ಕರೆದುಕೊಂಡು ಹೋದ. ಇದನ್ನು ಬರೆಯದೆ ಬಿಡಲಾರೆ. ಅಮೆರಿಕದ ಎರಡು ದಂಡೆ ಜೋಡಿಸಿದ ರೈಲು ಹಳಿ ಉಟಾದ ಪ್ರೊಮೊಂಟರಿಯಲ್ಲಿ ಕೂಡಿದ್ದು 1869ರ ಮೇ 10. ಪಶ್ಚಿಮದಿಂದ ಹಳಿ ಹಾಕುತ್ತ ಹೊರಟದ್ದು ಇದೇ ಸ್ಯಾಕ್ರಮೆಂಟೊದಿಂದ. ನಮ್ಮ ಕಡೆ ಮುಂಬೈಯಿಂದ ಬಂದ ಹಳಿ, ಮದ್ರಾಸಿನಿಂದ ಬಂದ ಹಳಿ ರಾಯಚೂರಿನಲ್ಲಿ ಕೂಡಿದ್ದು 1871. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ಗಾಡಿ ಓಡಿದ್ದು 1874. ಹೆಚ್ಚೇನೂ ಹಿಂದೆ ಬಿದ್ದಿರಲಿಲ್ಲ ನಾವು.

ಆ ಕಾಲದಲ್ಲಿ ಅಮೆರಿಕದ ಪ್ರತಿ ಊರಿಗೂ ಅದರದೇ ಗಡಿಯಾರ. ಸೂರ್ಯ ನೆತ್ತಿಗೆ ಬಂದಾಗ ಹನ್ನೆರಡು. ಗಾಡಿಗಳಿಗೆ ಇದರಿಂದ ಜೀವ ಸಾಕಾಯಿತು. ಸರ್ಕಾರ ಏನೂ ಮಾಡದಿದ್ದಾಗ ರೈಲು ಕಂಪನಿಗಳೇ ಸೇರಿ 1883ರ ನವೆಂಬರ್ 18ರಂದು ದೇಶವನ್ನು ಹೊತ್ತಿನ ಪಟ್ಟಿಗಳಾಗಿ ಹಂಚಿಬಿಟ್ಟವು. ನಮ್ಮಲ್ಲೂ ಬಹಳ ದಿನ ರೈಲ್ವೆ ನಡೆದದ್ದು ಮದ್ರಾಸಿನ ಗಡಿಯಾರದ ಮೇಲೆ. 1906ರಿಂದ ಎಂಬತ್ತೆರಡೂವರೆ ರೇಖಾಂಶದ ಹೊತ್ತೇ ದೇಶದ ಅಧಿಕೃತ ಹೊತ್ತು. ಕಲಬುರಗಿ ಆ ಗೆರೆಯಿಂದ ಐದೂವರೆ ಡಿಗ್ರಿಗಿಂತ ಹೆಚ್ಚು ಪಶ್ಚಿಮಕ್ಕಿದೆ. ಅಂದರೆ ನಮ್ಮ ಗಡಿಯಾರ ಹನ್ನೆರಡು ಹೊಡೆದು ಇಪ್ಪತ್ತೆರಡು ನಿಮಿಷ ಕಳೆದ ಮೇಲೆ ನಮ್ಮ ಊರಿನ ನಿಜವಾದ ಮಧ್ಯಾಹ್ನ. ಇಡೀ ಜಿಲ್ಲೆಯೇ ದಿನಾ ಇಷ್ಟು ಲೇಟಾಗಿ ಓಡುತ್ತಿದೆ ಎಂದು ಮಗನಿಗೆ ಹೇಳಿದೆ. ಅವನು ‘ಹೌದಪ್ಪಾ, ನೋಡಿದ್ರೇ ತಿಳೀತದ’ ಎಂದ.

ವಾಪಸು

ಸೆಪ್ಟೆಂಬರ್. ಮಧ್ಯಾಹ್ನ 3.45ಕ್ಕೆ ಬಿಟ್ಟು ಮರುದಿನ ಸಂಜೆ ಆರೂಕಾಲಿಗೆ ದುಬೈ, ಹದಿನೈದೂವರೆ ತಾಸು. ಅಲ್ಲಿಂದ ರಾತ್ರಿ ಹತ್ತಕ್ಕೆ ಹೊರಟು ಶಂಷಾಬಾದಿಗೆ ಬಂದಾಗ, ಹೊರಟ ದಿನದಿಂದ ಎಣಿಸಿದರೆ, ಮೂರನೆಯ ತಾರೀಖು ಶುರುವಾಗಿತ್ತು. ಹೋಗುವಾಗ ಒಂದೇ ತಾರೀಖನ್ನು ಹಿಗ್ಗಿಸಿ ಕೊಟ್ಟ ಭೂಮಿ ಬರುವಾಗ ಅದನ್ನು ಬಡ್ಡಿ ಸಮೇತ ವಸೂಲು ಮಾಡಿತು.

ನಾಲ್ಕೂಕಾಲಿಗೆ ಕಾರು ಹತ್ತಿದೆವು. ಪರಿಗಿಯಿಂದಲೇ ಜೋರು ಮಳೆ. ಸೇಡಂ ಮುಟ್ಟಿದಾಗ ಎಂಟೂವರೆ. ಅಲ್ಲಿ ಲಾರಿಗಳ ಸಾಲು. ಮಳಖೇಡದಲ್ಲಿ ಕಾಗಿಣಾ ಸೇತುವೆಯ ಮೇಲೆ ನೀರು ಹರಿಯುತ್ತಿದೆ, ರಸ್ತೆ ಬಂದ್. ಯಾವಾಗ ಬಿಡ್ತಾರೆ ಎಂದು ಪೊಲೀಸನನ್ನು ಕೇಳಿದೆ. ‘ನೀರಿಗಿ ಕೇಳ್ರಿ ಯಜಮಾನ್ರ’ ಎಂದ.

ಚಿಂಚೋಳಿ ಕಡೆಯಿಂದ ಸುತ್ತಿ ಹೋಗೋಣವೇ ಎಂದು ಡ್ರೈವರ್ ಯೋಚಿಸುತ್ತಿದ್ದ. ಆ ದಾರಿಯಲ್ಲೂ ಹಳ್ಳಗಳಿವೆ. ನಾನು ಕಾರನ್ನು ಸ್ಟೇಷನ್ನಿಗೆ ತಿರುಗಿಸಿ ಎಂದೆ. ಸೇಡಂನಿಂದ ವಾಡಿಗೆ ಹೋಗಿ ಕಲಬುರಗಿಗೆ ಬರುವುದು ರಸ್ತೆಗಿಂತ ಸುತ್ತು. ಆದರೆ ರೈಲು ಸೇತುವೆ ಎತ್ತರದಲ್ಲಿದೆ. ಪೆಟ್ಟಿಗೆ ಹೊರಲು ಇಬ್ಬರು ಹುಡುಗರು ಸಿಕ್ಕರು. ಹತ್ತು ಗಂಟೆಗೆ ಗಾಡಿ ಬಂತು. ಮಳಖೇಡ ರೋಡ್ ಸ್ಟೇಷನ್ನಿನಲ್ಲಿ ನಿಂತಾಗ, ಚಿತ್ತಾಪುರದಲ್ಲಿ ನಿಂತಾಗ, ಕಿಟಕಿಯ ಹೊರಗೆ ತೊಗರಿ ಹೊಲಗಳಲ್ಲಿ ನೀರು ನಿಂತದ್ದೇ ಕಾಣುತ್ತಿತ್ತು. ಅದನ್ನು ನೋಡಿ ಆಕೆ ಮಾತು ಬಿಟ್ಟಳು. ನಮ್ಮ ಹೊಲದ ಕಡೆ ಏನಾಗಿದೆಯೋ ಎಂದು ತಮ್ಮನಿಗೆ ಫೋನ್ ಹಚ್ಚಿದಳು, ಹತ್ತಲಿಲ್ಲ.

ವಾಡಿಯ ಹೊರಗೆ ಪ್ಲಾಟ್‌ಫಾರ್ಮ್ ಖಾಲಿ ಇಲ್ಲವೆಂದು ಇಪ್ಪತ್ತು ನಿಮಿಷ ನಿಲ್ಲಿಸಿದರು. ಇಂಥ ಕಡೆ ಎಷ್ಟು ಸಲ ನಿಂತಿದ್ದೇನೋ ಲೆಕ್ಕವಿಲ್ಲ. ಆಗ ಬಾರದ ಸಿಟ್ಟು ಪ್ರಯಾಣಿಕನಾಗಿ ಬಂತು. ಶಹಾಬಾದ್ ಬಂತು, ಹೋಯಿತು. ಕಲಬುರಗಿಯಲ್ಲಿ ಇಳಿದಾಗ 12.15. ಆಟೋದವನು ಮಳೆ, ಲಗೇಜು ಎಂದು ಐವತ್ತು ರೂಪಾಯಿ ಹೆಚ್ಚು ಕೇಳಿದ. ಕೊಟ್ಟೆ. ಮನೆ ಬಾಗಿಲು 12.40. ನೋಟ್‌ಬುಕ್ಕಿನ ಲೆಕ್ಕಕ್ಕೆ, ಫ್ರೀಮಾಂಟಿನ ಬಾಗಿಲಿನಿಂದ ಹಿಡಿದು, ವಾಪಸಿನ ಒಟ್ಟು ಹೊತ್ತು ಮೂವತ್ತಾರೂವರೆ ತಾಸು ಮೀರಿತು. ಬರೆಯುವಷ್ಟರಲ್ಲಿ ತಮ್ಮನ ಫೋನ್ ಬಂತು: ಮೇಲಿನ ಹೊಲ ಉಳಿದಿದೆ, ಕೆಳಗಿನದು ನೀರಲ್ಲಿದೆ.